ವಕೀಲಿ ವೃತ್ತಿ ತೊರೆದು ವಾಙ್ಮಯ ಸೇವೆಗೆ ನಿಂತ ಪಂಡಿತ ಜುಗಲಕಿಶೋರ ಮುಖ್ತಾರ್

ನಿವೃತ್ತಿ ಎಂಬ ಮಾತಿಗೆ ಜೈನಶಾಸ್ತ್ರದಲ್ಲಿ ಒಂದು ಅರ್ಥವುಂಟು. ಕಚೇರಿಯ ಕಾಗದಪತ್ರಗಳಲ್ಲಿ ಇನ್ನೊಂದು ಅರ್ಥವುಂಟು. ಪಾಪಕಾರ್ಯಗಳಿಂದ ಹಿಂದೆಗೆದು ಆತ್ಮಹಿತದಲ್ಲಿ ತೊಡಗುವುದು ಮೊದಲನೆಯದು. ವಯಸ್ಸು ತುಂಬಿತೆಂದು ಸಂಬಳದ ಕೆಲಸದಿಂದ ಬಿಡುಗಡೆ ಹೊಂದುವುದು ಎರಡನೆಯದು. ಈ ಎರಡನೆಯ ಬಗೆಯ ನಿವೃತ್ತಿಯನ್ನು ಪಡೆದ ಅನೇಕ ಗೃಹಸ್ಥರು ಕೆಲವೇ ದಿನಗಳಲ್ಲಿ ಒಂದು ಹೊಸ ಕಷ್ಟಕ್ಕೆ ಸಿಲುಕುತ್ತಾರೆ. ಹಣದ ಕೊರತೆ ಇರುವುದಿಲ್ಲ, ಆರೋಗ್ಯವೂ ನೆಟ್ಟಗಿರುತ್ತದೆ. ಆದರೆ ಬೆಳಗಾದರೆ ಮಾಡಬೇಕಾದ ಕೆಲಸವೇನೆಂಬುದು ತೋಚುವುದಿಲ್ಲ. ಅಂಗಡಿಯನ್ನು ಮಕ್ಕಳಿಗೆ ವಹಿಸಿಕೊಟ್ಟ ಹಿರಿಯರೂ, ಅವಧಿಗೆ ಮುಂಚೆಯೇ ಸ್ವಯಂ ನಿವೃತ್ತಿಯನ್ನು ಬೇಡಿ ಪಡೆದ ನೌಕರರೂ ಒಂದೇ ಬಗೆಯ ಬರಿದುತನವನ್ನು ಅನುಭವಿಸುತ್ತಾರೆ. ದೊರೆತ ಬಿಡುವೇ ಭಾರವಾಗುತ್ತದೆ.

ಇಂಥ ಬಿಡುವನ್ನು ತಾವಾಗಿಯೇ ಆರಿಸಿಕೊಂಡು, ಅದರ ಒಂದೊಂದು ದಿನವನ್ನೂ ಸಾರ್ಥಕಗೊಳಿಸಿದ ಮಹನೀಯರೊಬ್ಬರು ಉತ್ತರ ಭಾರತದ ಜೈನಸಮಾಜದಲ್ಲಿ ಆಗಿಹೋದರು. ಅವರೇ ಪಂಡಿತ ಜುಗಲಕಿಶೋರ ಮುಖ್ತಾರ್. 37ನೆಯ ವಯಸ್ಸು ನಡೆಯುತ್ತಿದ್ದಾಗ ಅವರು ಸಂಪಾದನೆಯ ವೃತ್ತಿಯನ್ನು ಬಿಟ್ಟರು. ಆ ಬಳಿಕ ಸುಮಾರು 55 ವರ್ಷಗಳ ಕಾಲ ಜೀವಿಸಿದರು. ಜೈನ ಸಾಹಿತ್ಯದ ಇತಿಹಾಸದಲ್ಲಿ ಅವರ ಹೆಸರು ಉಳಿದಿರುವುದು ಬಹುಮಟ್ಟಿಗೆ ವೃತ್ತಿಯನ್ನು ಬಿಟ್ಟ ಮೇಲಿನ ಕಾಲದ ದುಡಿಮೆಯಿಂದ. ಪ್ರಾತಃಕಾಲದಲ್ಲಿ ಲಕ್ಷಾಂತರ ಜನರು ಪಠಿಸುವ ‘ಮೇರೀ ಭಾವನಾ’ ಎಂಬ ಹಿಂದಿ ಪ್ರಾರ್ಥನೆಯ ಕರ್ತೃಗಳೂ ಅವರೇ. ಅವರ ಜೀವನಚರಿತ್ರೆಯು ಬಿಡುವಿನ ಸದುಪಯೋಗವನ್ನು ಕುರಿತು ಚಿಂತಿಸುವ ಶ್ರಾವಕ ಶ್ರಾವಕಿಯರೆಲ್ಲರಿಗೂ ಮನನಯೋಗ್ಯವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಇಂದಿನ ಉತ್ತರ ಪ್ರದೇಶದ ಸಹಾರನಪುರ ಜಿಲ್ಲೆಯಲ್ಲಿ ಸರಸಾವಾ ಎಂಬ ಸಣ್ಣ ಊರಿದೆ. ಅಲ್ಲಿಯ ಅಗ್ರವಾಲ ಜೈನ ಮನೆತನದ ಚೌಧರಿ ನಥ್ಥೂಮಲ್ಲರ ಮಗನಾಗಿ ಜುಗಲಕಿಶೋರರು 1877ರಲ್ಲಿ, ಮಾರ್ಗಶೀರ್ಷ ಶುಕ್ಲ ಏಕಾದಶಿಯಂದು ಜನಿಸಿದರು. ಆ ಪ್ರಾಂತದ ಅಂದಿನ ವಾಡಿಕೆಯಂತೆ ಅವರ ಮೊದಲ ಓದು ಮಕ್ತಬಿನಲ್ಲಿ, ಉರ್ದು ಮತ್ತು ಫಾರಸಿ ಭಾಷೆಗಳಲ್ಲಿ ನಡೆಯಿತು. ಊರಿನಲ್ಲಿ ಜೈನ ಪಾಠಶಾಲೆಯು ತೆರೆದ ಮೇಲೆ ಹಿಂದಿ ಸಂಸ್ಕೃತಗಳನ್ನು ಕಲಿತರು. ಅನಂತರ ಸಹಾರನಪುರಕ್ಕೆ ಹೋಗಿ ಇಂಗ್ಲಿಷ್ ಓದಿದರು. ಶಾಲೆಯನ್ನು ನಡುವೆಯೇ ಬಿಡಬೇಕಾಗಿ ಬಂದಾಗ ಎಂಟ್ರೆನ್ಸ್ ಪರೀಕ್ಷೆಗೆ ಖಾಸಗಿಯಾಗಿ ಕುಳಿತರು. ವಿಶ್ವವಿದ್ಯಾಲಯದ ಪದವಿ ಯಾವುದೂ ಅವರಿಗೆ ಇರಲಿಲ್ಲ. ಮುಂದೆ ದೊಡ್ಡ ದೊಡ್ಡ ಪದವೀಧರರೊಡನೆ ಸರಿಸಮನಾಗಿ ಶಾಸ್ತ್ರವಿಚಾರ ನಡೆಸಿದ ಈ ಪಂಡಿತರ ಪ್ರಾಕೃತ ಸಂಸ್ಕೃತ ಪಾಂಡಿತ್ಯವು ಬಹುಪಾಲು ಸ್ವಾಧ್ಯಾಯದಿಂದಲೇ ಬಂದದ್ದು ಎಂಬುದು ಗಮನಾರ್ಹ.

ವೃತ್ತಿಜೀವನ

1899ರಲ್ಲಿ ಯುವಕ ಜುಗಲಕಿಶೋರರು ಮುಂಬಯಿ ಪ್ರಾಂತಿಕ ಸಭೆಯ ವೇತನಸಹಿತ ಉಪದೇಶಕರಾಗಿ ಸೇರಿದರು. ಊರೂರಿಗೆ ಹೋಗಿ ಧರ್ಮೋಪದೇಶ ಮಾಡುವುದು ಅವರ ಮನಸ್ಸಿಗೆ ಒಪ್ಪುವ ಕಾರ್ಯವೇ ಆಗಿದ್ದಿತು. ಆದರೆ ಧರ್ಮಕಾರ್ಯಕ್ಕೆ ಸಂಬಳ ಪಡೆಯುವುದು ಅವರಿಗೆ ಒಗ್ಗಲಿಲ್ಲ. ಎರಡು ತಿಂಗಳು ತುಂಬುವ ಮೊದಲೇ ರಾಜೀನಾಮೆ ಕೊಟ್ಟು ಬಂದರು. ಹೊಟ್ಟೆಪಾಡಿಗೆ ಸ್ವತಂತ್ರವಾದ ಉದ್ಯೋಗವೊಂದಿರಬೇಕು, ಧರ್ಮಸೇವೆಯು ಯಾರ ಹಂಗೂ ಇಲ್ಲದೆ ನಡೆಯಬೇಕು ಎಂಬ ನಿಶ್ಚಯ ಅಂದೇ ಮೂಡಿದ್ದಿರಬೇಕು. ಅವರ ಮುಂದಿನ ಬಾಳೆಲ್ಲವೂ ಈ ನಿಶ್ಚಯಕ್ಕೆ ಅನುಗುಣವಾಗಿಯೇ ನಡೆಯಿತು.

ಉದ್ಯೋಗವಾಗಿ ಅವರು ಮುಖ್ತಾರಿಯನ್ನು ಆರಿಸಿಕೊಂಡರು. ಬ್ರಿಟಿಷರ ಕಾಲದ ಉತ್ತರ ಭಾರತದಲ್ಲಿ ವಕೀಲರಿಗಿಂತ ಒಂದು ಮೆಟ್ಟಿಲು ಕೆಳಗೆ ಮುಖ್ತಾರರೆಂಬ ವರ್ಗವಿತ್ತು. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಸನ್ನದು ಪಡೆದ ಮುಖ್ತಾರರು ಕೆಳಗಿನ ನ್ಯಾಯಾಲಯಗಳಲ್ಲಿ ಕಕ್ಷಿಗಾರರ ಪರವಾಗಿ ವ್ಯವಹರಿಸಬಹುದಾಗಿತ್ತು. ಜುಗಲಕಿಶೋರರು 1902ರಲ್ಲಿ ಈ ಪರೀಕ್ಷೆಯನ್ನು ಮುಗಿಸಿ, ಮೊದಲು ಸಹಾರನಪುರದಲ್ಲಿಯೂ ಅನಂತರ 1905ರಿಂದ ಅದೇ ಜಿಲ್ಲೆಯ ದೇವಬಂದ್ ಪಟ್ಟಣದಲ್ಲಿಯೂ ವೃತ್ತಿ ನಡೆಸಿದರು. ಮುಖ್ತಾರ್ ಎಂಬ ಶಬ್ದವು ಅವರ ಹೆಸರಿಗೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, ವೃತ್ತಿಯನ್ನು ಬಿಟ್ಟು ಅರ್ಧ ಶತಮಾನ ಕಳೆದರೂ ಅದು ಅವರನ್ನು ಬಿಡಲಿಲ್ಲ.

ಕಚೇರಿಯ ಕೆಲಸ ನಡೆಯುತ್ತಿದ್ದಾಗಲೂ ಅವರ ಬೆಳಗು ಸಂಜೆಗಳು ಶಾಸ್ತ್ರಾಧ್ಯಯನಕ್ಕೆ ಮೀಸಲಾಗಿದ್ದವು. 1907ರಿಂದ 1909ರವರೆಗೆ ದಿಗಂಬರ ಜೈನ ಮಹಾಸಭೆಯ ಮುಖಪತ್ರಿಕೆಯಾದ ‘ಜೈನ ಗೆಜೆಟ್’ ವಾರಪತ್ರಿಕೆಯ ಸಂಪಾದಕತ್ವವನ್ನು ದೇವಬಂದಿನಿಂದಲೇ ನಿರ್ವಹಿಸಿದರು. ಅಂದರೆ ವೃತ್ತಿಯನ್ನು ಬಿಟ್ಟ ದಿನ ಅವರು ಹೊಸದಾಗಿ ಹವ್ಯಾಸವನ್ನು ಹುಡುಕಿಕೊಂಡು ಹೊರಡಬೇಕಾಗಿರಲಿಲ್ಲ. ಮಾಡಬೇಕಾದ ಕೆಲಸವು ಹತ್ತು ವರ್ಷಗಳಿಂದ ಅವರ ಮೇಜಿನ ಮೇಲೆ ಕಾದು ಕುಳಿತಿತ್ತು.

ವೃತ್ತಿತ್ಯಾಗ

ದೇವಬಂದಿನಲ್ಲಿ ಅವರಿಗೆ ಆತ್ಮೀಯರಾಗಿದ್ದವರು ಬಾಬು ಸೂರಜಭಾನು ವಕೀಲರು. ಜೈನಗ್ರಂಥಗಳನ್ನು ಅಚ್ಚು ಹಾಕಿಸಬೇಕೆಂದು ಹೋರಾಡಿದ ಮೊದಲಿಗರಲ್ಲಿ ಸೂರಜಭಾನರೂ ಒಬ್ಬರು. ಶಾಸ್ತ್ರಗಳನ್ನು ಮುದ್ರಣಾಲಯಕ್ಕೆ ಕೊಡುವುದು ಜಿನವಾಣಿಗೆ ಅವಿನಯವೆಂದು ಸಮಾಜದ ಬಹುಭಾಗವು ನಂಬಿದ್ದ ಕಾಲವದು. ಅಂಥ ಕಾಲದಲ್ಲಿ ಈ ಇಬ್ಬರು ಮಿತ್ರರೂ ಜಿನವಾಣಿಯ ಉದ್ಧಾರಕ್ಕೆ ಪೂರ್ಣ ಕಾಲವನ್ನು ಕೊಡಬೇಕೆಂದು ಆಲೋಚಿಸಿ, 1914ರ ಫೆಬ್ರವರಿಯಲ್ಲಿ ಒಂದೇ ದಿನ ತಮ್ಮ ತಮ್ಮ ವೃತ್ತಿಗಳಿಗೆ ಶರಣು ಹೊಡೆದರು.

ಮುಖ್ತಾರರ ಸಂಪಾದನೆ ಆಗ ಚೆನ್ನಾಗಿಯೇ ನಡೆಯುತ್ತಿತ್ತು. ವೃತ್ತಿಯಲ್ಲಿ ಸೋತು ಬಿಟ್ಟವರಲ್ಲ, ದೇಹಾರೋಗ್ಯ ತಪ್ಪಿ ಬಿಟ್ಟವರೂ ಅಲ್ಲ. ಆಜೀವಪರ್ಯಂತ ದುಡಿದು ಕೂಡಿಟ್ಟ ದೊಡ್ಡ ಗಂಟೇನೂ 37ರ ಪ್ರಾಯದಲ್ಲಿ ಅವರ ಬಳಿ ಇದ್ದಿರಲಾರದು. ಹಾಗಿದ್ದರೂ ಈ ನಿರ್ಧಾರ ಸಾಧ್ಯವಾದದ್ದು ಬೇಕುಗಳನ್ನು ಮೊದಲೇ ಮಿತಗೊಳಿಸಿಕೊಂಡಿದ್ದುದರಿಂದ. ಉಡಿಗೆ ತೊಡಿಗೆಗಳಲ್ಲಿ ಸಾದಾತನ, ಊಟದಲ್ಲಿ ಮಿತಿ, ಖರ್ಚಿನಲ್ಲಿ ಕಟ್ಟುನಿಟ್ಟಾದ ಲೆಕ್ಕ ಇವು ಅವರ ಜೀವನಕ್ರಮವಾಗಿದ್ದವು. ಶ್ರಾವಕನ ಐದನೆಯ ಅಣುವ್ರತವಾದ ಪರಿಗ್ರಹಪರಿಮಾಣವು ಧನಧಾನ್ಯಾದಿಗಳಿಗೆ ಎಲ್ಲೆ ಕಟ್ಟಿಕೊಳ್ಳಬೇಕೆಂದು ವಿಧಿಸುತ್ತದೆ. ಆ ಎಲ್ಲೆಯನ್ನು ಕಟ್ಟಿಕೊಂಡವನಿಗೆ ದೊರೆಯುವ ಪ್ರತ್ಯಕ್ಷ ಫಲವೆಂದರೆ ಕಾಲ. ಸಾಕು ಎನ್ನಬಲ್ಲವನು ತನ್ನ ಉಳಿದ ದಿನಗಳಿಗೆ ತಾನೇ ಒಡೆಯನಾಗುತ್ತಾನೆ. ಮುಖ್ತಾರರು ಆ ಒಡೆತನವನ್ನು ಬಹು ಬೇಗ ಪಡೆದುಕೊಂಡರು.

ಎರಡು ವರ್ಷಗಳ ಬಳಿಕ, 1916ರಲ್ಲಿ, ‘ಜೈನಹಿತೈಷಿ’ ಮಾಸಪತ್ರಿಕೆಯಲ್ಲಿ ಅವರ ‘ಮೇರೀ ಭಾವನಾ’ ಪ್ರಕಟವಾಯಿತು. ಹನ್ನೊಂದು ಪದ್ಯಗಳ ಚಿಕ್ಕ ರಚನೆಯದು. ರಾಗದ್ವೇಷಗಳನ್ನು ಗೆದ್ದ ಪರಮಾತ್ಮನನ್ನು ಯಾವುದೊಂದು ಹೆಸರಿಗೂ ಕಟ್ಟಿಹಾಕದೆ ಸ್ಮರಿಸಿ, ಸಕಲ ಜೀವಿಗಳಲ್ಲಿ ಮೈತ್ರಿ, ಗುಣಿಗಳಲ್ಲಿ ಪ್ರಮೋದ, ದುಃಖಿಗಳಲ್ಲಿ ಕರುಣೆ, ವಿಪರೀತರಲ್ಲಿ ಮಾಧ್ಯಸ್ಥ್ಯ ತನಗಿರಲೆಂದು ಸಾಧಕನು ಅದರಲ್ಲಿ ಹಾರೈಸುತ್ತಾನೆ. ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಅದು ಅನುವಾದಗೊಂಡಿತು. ಶಾಲೆಗಳಲ್ಲಿ, ಬಸದಿಗಳಲ್ಲಿ, ಮನೆಮನೆಗಳಲ್ಲಿ ನಿತ್ಯಪಾಠವಾಯಿತು. ಅದರ ಪ್ರತಿಗಳು ಲಕ್ಷಗಟ್ಟಲೆ ಅಚ್ಚಾಗಿ ಹಂಚಿಹೋದವು.

ಶೋಕದ ವರ್ಷಗಳು

ಬಿಡುವು ಎಂದರೆ ನೆಮ್ಮದಿ ಎಂದು ಭಾವಿಸುವವರು ಮುಖ್ತಾರರ ಬಾಳಿನ ಈ ಭಾಗವನ್ನು ತಿಳಿಯಬೇಕು. ಅವರ ಮೊದಲ ಮಗಳು ಸನ್ಮತಿ ಎಂಟು ವರ್ಷದ ಆಸುಪಾಸಿನಲ್ಲಿಯೇ, 1907ರಲ್ಲಿ, ಪ್ಲೇಗಿಗೆ ತುತ್ತಾಗಿದ್ದಳು. ಬಹುಕಾಲದ ಮೇಲೆ 1917ರ ಕೊನೆಯಲ್ಲಿ ಎರಡನೆಯ ಮಗಳು ವಿದ್ಯಾವತಿ ಹುಟ್ಟಿದಳು. ಮಗುವಿಗೆ ಕೆಲವೇ ತಿಂಗಳಾಗಿದ್ದಾಗ, 1918ರಲ್ಲಿ, ಪತ್ನಿಯು ತೀರಿಕೊಂಡರು. ತಾಯಿಯಿಲ್ಲದ ಆ ಕೂಸೂ 1920ರಲ್ಲಿ ಕಣ್ಮುಚ್ಚಿತು. ನಾಲ್ವತ್ತಮೂರು ತುಂಬುವ ಮೊದಲೇ ಮುಖ್ತಾರರು ಮನೆಯಲ್ಲಿ ಒಬ್ಬಂಟಿಗರಾದರು.

ಕಚೇರಿಗೆ ಹೋಗುವ ಮನುಷ್ಯನಿಗೆ ಇಂಥ ಸಮಯದಲ್ಲಿ ಕಚೇರಿಯೇ ಒಂದು ಆಸರೆ. ಆ ಆಸರೆಯನ್ನು ಅವರು ತಾವಾಗಿಯೇ ಬಿಟ್ಟುಬಂದಿದ್ದರು. ಮತ್ತೆ ವೃತ್ತಿಗೆ ಹಿಂದಿರುಗುವುದು, ಮರುಮದುವೆಯಾಗುವುದು ಅಂದಿನ ಕಾಲಕ್ಕೆ ಸಹಜವಾದ ದಾರಿಗಳೇ ಆಗಿದ್ದರೂ ಅವರು ಅವನ್ನು ಹಿಡಿಯಲಿಲ್ಲ. ಪತ್ನೀವಿಯೋಗದ ಮರುವರ್ಷ, 1919ರಲ್ಲಿ, ಪಂಡಿತ ನಾಥೂರಾಮ ಪ್ರೇಮಿಯವರಿಂದ ‘ಜೈನಹಿತೈಷಿ’ಯ ಸಂಪಾದಕತ್ವವನ್ನು ವಹಿಸಿಕೊಂಡು 1921ರವರೆಗೆ ನಡೆಸಿದರು. ಎಳೆಯ ಮಗಳು ಅಗಲಿದ ವರ್ಷದಲ್ಲಿಯೂ ಪತ್ರಿಕೆ ನಿಲ್ಲಲಿಲ್ಲ. ಇಬ್ಬರು ಹೆಣ್ಣುಮಕ್ಕಳ ನೆನಪನ್ನು ಅವರು ಕೊನೆಯವರೆಗೂ ಹೃದಯದಲ್ಲಿ ಇಟ್ಟುಕೊಂಡಿದ್ದರು. ಮುಂದೆ ಆ ಇಬ್ಬರ ಹೆಸರುಗಳನ್ನೂ ಕೂಡಿಸಿ ಸತ್ಸಾಹಿತ್ಯದ ಪ್ರಕಾಶನಕ್ಕಾಗಿ ನಿಧಿಯೊಂದನ್ನು ಇರಿಸಿದರು. ತಮ್ಮ ಮಕ್ಕಳು ಓದಬೇಕಾಗಿದ್ದ ಪುಸ್ತಕಗಳನ್ನು ಸಮಾಜದ ಮಕ್ಕಳು ಓದಲೆಂಬ ಆಶಯವು ಅದರಲ್ಲಿ ಕಾಣುತ್ತದೆ.

ಗ್ರಂಥಪರೀಕ್ಷೆ

ಮುಖ್ತಾರರು ಕಚೇರಿಯನ್ನು ಬಿಟ್ಟರೂ ಕಚೇರಿಯಲ್ಲಿ ಕಲಿತ ವಿದ್ಯೆಯನ್ನು ಬಿಡಲಿಲ್ಲ. ದಸ್ತಾವೇಜು ಅಸಲಿಯೋ ನಕಲಿಯೋ, ಬರೆದವನು ಯಾರು, ತಾರೀಖು ಹೊಂದುತ್ತದೆಯೇ, ಒಬ್ಬ ಸಾಕ್ಷಿಯ ಮಾತು ಇನ್ನೊಬ್ಬನ ಮಾತಿಗೆ ತಾಳೆಯಾಗುತ್ತದೆಯೇ ಎಂದು ನೋಡುವುದು ಮುಖ್ತಾರನ ನಿತ್ಯದ ಕೆಲಸ. ಅದೇ ದೃಷ್ಟಿಯನ್ನು ಅವರು ಶಾಸ್ತ್ರಗ್ರಂಥಗಳತ್ತ ತಿರುಗಿಸಿದರು. ಪೂರ್ವಾಚಾರ್ಯರ ಹೆಸರಿನಲ್ಲಿ ಚಲಾವಣೆಯಲ್ಲಿದ್ದ ಕೆಲವು ಪುಸ್ತಕಗಳು ನಿಜವಾಗಿ ಆ ಆಚಾರ್ಯರವೇ ಎಂದು ಪರಿಶೀಲಿಸಿ ಬರೆದ ಲೇಖನಮಾಲೆಯೇ ‘ಗ್ರಂಥಪರೀಕ್ಷಾ’. ಅದರ ಮೊದಲೆರಡು ಭಾಗಗಳು 1917ರಲ್ಲಿಯೂ ಮೂರನೆಯ ಭಾಗವು 1928ರಲ್ಲಿಯೂ ಪುಸ್ತಕರೂಪವಾಗಿ ಬಂದವು.

ಉಮಾಸ್ವಾಮಿ, ಕುಂದಕುಂದ, ಜಿನಸೇನರಂಥ ಮಹಾಚಾರ್ಯರ ಹೆಸರು ಹೊತ್ತ ಶ್ರಾವಕಾಚಾರ ಮತ್ತು ತ್ರಿವರ್ಣಾಚಾರಗಳನ್ನು ಅವರು ಮೊದಲು ಕೈಗೆತ್ತಿಕೊಂಡರು. ಒಂದೊಂದು ಶ್ಲೋಕವನ್ನೂ ಬಿಡಿಸಿ, ಅದು ಬೇರೆ ಯಾವ ಗ್ರಂಥದಿಂದ ಬಂದಿದೆ, ಆ ಗ್ರಂಥದ ಕಾಲವಾವುದು ಎಂದು ತೋರಿಸಿದರು. ಆಚಾರ್ಯರಿಗಿಂತ ನೂರಾರು ವರ್ಷ ಈಚಿನವರ ಶ್ಲೋಕಗಳು ಆಚಾರ್ಯರ ಗ್ರಂಥದಲ್ಲಿ ಸೇರಿದ್ದರೆ ಆ ಗ್ರಂಥವು ಆಚಾರ್ಯರದಾಗಲಾರದು ಎಂಬುದು ಅವರ ಸರಳವಾದ, ಎದುರಾಡಲಾಗದ ವಾದ. ಶ್ರವಣಬೆಳಗೊಳದ ಚಂದ್ರಗಿರಿಯೊಡನೆ ಹೆಣೆದುಕೊಂಡಿರುವ ಶ್ರುತಕೇವಲಿ ಭದ್ರಬಾಹು ಸ್ವಾಮಿಗಳ ಹೆಸರಿನ ‘ಭದ್ರಬಾಹುಸಂಹಿತೆ’ಯು ಬಹು ಶತಮಾನಗಳ ಈಚಿನ ಸಂಕಲನವೆಂದು ಸ್ಥಾಪಿಸಿದರು. ಬಿಂಬಪ್ರತಿಷ್ಠೆಗೆ ಸಂಬಂಧಪಟ್ಟ ‘ಅಕಲಂಕ ಪ್ರತಿಷ್ಠಾಪಾಠ’ವನ್ನೂ ಅವರು ಪರೀಕ್ಷೆಗೆ ಒಳಪಡಿಸಿ, ತರ್ಕಶಾಸ್ತ್ರದ ಸುಪ್ರಸಿದ್ಧ ಭಟ್ಟಾಕಲಂಕದೇವರಿಗೂ ಆ ಪುಸ್ತಕಕ್ಕೂ ಸಂಬಂಧವಿಲ್ಲವೆಂದು ನಿರ್ಣಯಿಸಿದರು. ಪದ್ಮಸಾಗರರ ‘ಧರ್ಮಪರೀಕ್ಷೆ’ಯ ಬಹುಪಾಲು ಶ್ಲೋಕಗಳು ಅಮಿತಗತಿ ಆಚಾರ್ಯರ ಅದೇ ಹೆಸರಿನ ಹಳೆಯ ಗ್ರಂಥದಿಂದ ಎತ್ತಿದವುಗಳೆಂದೂ ತೋರಿಸಿಕೊಟ್ಟರು.

ಈ ಲೇಖನಗಳು ಸಮಾಜದಲ್ಲಿ ದೊಡ್ಡ ಕೋಲಾಹಲವನ್ನು ಎಬ್ಬಿಸಿದವು. ಆಚಾರ್ಯರನ್ನೇ ಅಲ್ಲಗಳೆಯುತ್ತಿದ್ದಾರೆಂದು ಕೆಲವರು ಸಿಡಿದೆದ್ದರು. ಜಾತಿಯ ಒಳಭೇದಗಳಿಂದ ಯಾರಿಗೂ ಜಿನಪೂಜೆಯ ಹಕ್ಕನ್ನು ತಡೆಯಬಾರದೆಂದು ಅವರು ಶಾಸ್ತ್ರಾಧಾರದಿಂದ ಬರೆದಾಗಲೂ, ವಿವಾಹದ ಕಟ್ಟಳೆಗಳನ್ನು ಸಡಿಲಿಸಬೇಕೆಂದು ವಾದಿಸಿದಾಗಲೂ ವಿರೋಧ ಕಡಮೆಯಾಗಿರಲಿಲ್ಲ. ಸಂಬಳ ಕೊಡುವ ಸಂಸ್ಥೆಯೊಂದರ ಅಧೀನದಲ್ಲಿದ್ದಿದ್ದರೆ ಅವರು ಲೇಖನಿಯನ್ನು ಕೆಳಗಿಡಬೇಕಾಗುತ್ತಿತ್ತೋ ಏನೋ. ಯಾರ ಅನ್ನದ ಋಣವೂ ಇಲ್ಲದ ಬಿಡುವು ಅವರಿಗೆ ನಿರ್ಭಯವನ್ನೂ ತಂದುಕೊಟ್ಟಿತು. ಅವರ ಉದ್ದೇಶ ಆಚಾರ್ಯರ ಗೌರವವನ್ನು ಕಾಪಾಡುವುದೇ ಆಗಿತ್ತೆಂಬುದನ್ನು ಕಾಲಕ್ರಮದಲ್ಲಿ ವಿದ್ವಾಂಸರು ಮನಗಂಡರು.

ಸಮಂತಭದ್ರರ ಉಪಾಸನೆ ಮತ್ತು ಕರ್ನಾಟಕದ ನಂಟು

ಬಿಡುವುಳ್ಳವನಿಗೆ ಹತ್ತಾರು ವಿಷಯಗಳಲ್ಲಿ ಕೈಯಾಡಿಸುವ ಆಸೆ ಸಹಜ. ಮುಖ್ತಾರರೂ ಅನೇಕ ವಿಷಯಗಳನ್ನು ಕುರಿತು ಬರೆದರು. ಆದರೆ ಅವರ ಬಾಳಿಗೆ ನಡುಗಂಬವಾಗಿ ನಿಂತವರು ಒಬ್ಬರೇ ಆಚಾರ್ಯರು, ಸ್ವಾಮಿ ಸಮಂತಭದ್ರರು. 1925ರಲ್ಲಿ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯಿಂದ ‘ರತ್ನಕರಂಡಕ ಶ್ರಾವಕಾಚಾರ’ವು ಪ್ರಕಟವಾದಾಗ ಅದಕ್ಕೆ ಮುಖ್ತಾರರು ಬರೆದ ವಿಸ್ತಾರವಾದ ಪ್ರಸ್ತಾವನೆ ಮತ್ತು ಸಮಂತಭದ್ರರ ಇತಿಹಾಸವು ಜೈನಾಚಾರ್ಯರ ಚರಿತ್ರೆಯನ್ನು ಬರೆಯುವ ಕ್ರಮಕ್ಕೆ ಹೊಸ ಮಾದರಿಯನ್ನು ಹಾಕಿತು.

ಆ ಇತಿಹಾಸಕ್ಕೆ ಬೇಕಾದ ಸಾಮಗ್ರಿಯ ಮುಖ್ಯ ಭಾಗವನ್ನು ಅವರಿಗೆ ಒದಗಿಸಿದ್ದು ಕನ್ನಡ ನಾಡು. ಶ್ರವಣಬೆಳಗೊಳದ ಶಾಸನಗಳನ್ನು ಲೂಯಿ ರೈಸರು 1889ರಲ್ಲಿ ಪ್ರಕಟಿಸಿದ್ದರು, ಆರ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿಯು 1923ರಲ್ಲಿ ಬಂದಿತ್ತು. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ, ಹನ್ನೆರಡನೆಯ ಶತಮಾನದ ಮಲ್ಲಿಷೇಣ ಪ್ರಶಸ್ತಿಯು ಸಮಂತಭದ್ರರು ಪಾಟಲಿಪುತ್ರ, ಮಾಳವ, ಸಿಂಧು, ಕಾಂಚಿ ಮೊದಲಾದೆಡೆಗಳಲ್ಲಿ ವಾದಭೇರಿ ಹೊಡೆದು ಕರಹಾಟಕಕ್ಕೆ ಬಂದುದನ್ನು ಹೇಳುತ್ತದೆ. ದೇವಚಂದ್ರನ ಕನ್ನಡ ‘ರಾಜಾವಳೀ ಕಥೆ’ಯು ಸಮಂತಭದ್ರರಿಗೆ ಬಂದ ಭಸ್ಮಕವ್ಯಾಧಿಯ ವೃತ್ತಾಂತವನ್ನು ವಿವರಿಸುತ್ತದೆ. ಇವೆಲ್ಲವನ್ನೂ ಮುಖ್ತಾರರು ತಂದು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ತೂಗಿನೋಡಿದರು. ಕಥೆಯನ್ನು ಕಥೆಯೆಂದೂ ಶಾಸನವನ್ನು ಶಾಸನವೆಂದೂ ಬೇರ್ಪಡಿಸಿ ತಿಳಿಸಿದರು.

ಸಮಂತಭದ್ರರ ಕಾಲನಿರ್ಣಯದ ವಿಷಯದಲ್ಲಿ ‘ಕವಿರಾಜಮಾರ್ಗ’ದ ಪ್ರಥಮ ಸಂಪಾದಕರಾದ ಕೆ. ಬಿ. ಪಾಠಕರೊಡನೆ ಅವರಿಗೆ ತೀವ್ರವಾದ ಮತಭೇದವುಂಟಾಯಿತು. ಪಾಠಕರು ಆಚಾರ್ಯರನ್ನು ಎಂಟನೆಯ ಶತಮಾನಕ್ಕೆ ತಂದಿದ್ದರು. ಮುಖ್ತಾರರು ಪಾಠಕರ ಒಂದೊಂದು ಆಧಾರವನ್ನೂ ಪರೀಕ್ಷಿಸಿ, ಆಚಾರ್ಯರು ಅದಕ್ಕಿಂತ ಬಹು ಪ್ರಾಚೀನರೆಂದು ಪ್ರತಿಪಾದಿಸಿದರು. ಕಾಲೇಜಿನ ಮೆಟ್ಟಿಲು ಹತ್ತದ ಮಾಜಿ ಮುಖ್ತಾರರೊಬ್ಬರು ಹೆಸರಾಂತ ಪ್ರಾಧ್ಯಾಪಕರ ಮತವನ್ನು ಎದುರಿಸಿ ಬರೆದ ಆ ಲೇಖನವನ್ನು ವಿದ್ವಲ್ಲೋಕವು ಅಲಕ್ಷಿಸಲಾಗಲಿಲ್ಲ.

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದ ಧವಲ ಜಯಧವಲ ಮಹಾಗ್ರಂಥಗಳ ನಕಲು ಪ್ರತಿಗಳು ಉತ್ತರ ಭಾರತಕ್ಕೆ ತಲುಪಿದಾಗ ಅವುಗಳನ್ನು ಆಳವಾಗಿ ಅಭ್ಯಸಿಸಿದವರಲ್ಲಿ ಮುಖ್ತಾರರೂ ಒಬ್ಬರು. ಬಿಹಾರದ ಆರಾ ನಗರದ ಜೈನ ಸಿದ್ಧಾಂತ ಭವನದಲ್ಲಿ ಕೆಲವು ತಿಂಗಳು ನಿಂತು, ಆ ಪ್ರತಿಗಳನ್ನು ಓದಿ ವಿಸ್ತಾರವಾದ ಟಿಪ್ಪಣಿಗಳನ್ನು ಮಾಡಿಕೊಂಡರು. ಧವಲ ಗ್ರಂಥದ ಮುದ್ರಣವು ಅಮರಾವತಿಯಿಂದ 1939ರಲ್ಲಿ ಆರಂಭವಾಗುವುದಕ್ಕೆ ಮುಂಚಿನ ಮಾತಿದು.

ವೀರಸೇವಾಮಂದಿರ

ಒಬ್ಬನೇ ಕುಳಿತು ಮಾಡುವ ಕೆಲಸ ಒಬ್ಬನ ಆಯುಷ್ಯದೊಡನೆ ಮುಗಿಯುತ್ತದೆ. ಇದನ್ನರಿತ ಮುಖ್ತಾರರು ಸಂಸ್ಥೆಯೊಂದನ್ನು ಕಟ್ಟಲು ಮುಂದಾದರು. 1929ರಲ್ಲಿ ದೆಹಲಿಯ ಕರೋಲ್‌ಬಾಗಿನಲ್ಲಿ ತಮ್ಮ ಆರಾಧ್ಯ ಆಚಾರ್ಯರ ಹೆಸರಿನಲ್ಲಿ ಸಮಂತಭದ್ರಾಶ್ರಮವನ್ನು ಸ್ಥಾಪಿಸಿ, ಅದೇ ವರ್ಷದ ಕೊನೆಯಲ್ಲಿ ‘ಅನೇಕಾಂತ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಸಂಶೋಧನೆಯ ಪತ್ರಿಕೆಗೆ ಚಂದಾದಾರರು ಸಾಕಷ್ಟು ದೊರೆಯಲಿಲ್ಲ. ಒಂದು ವರ್ಷ ನಡೆದು ಪತ್ರಿಕೆ ನಿಂತಿತು. ಆಶ್ರಮವನ್ನೂ ದೆಹಲಿಯಿಂದ ಎತ್ತಬೇಕಾಯಿತು. ಮುಖ್ತಾರರು ಎದೆಗುಂದದೆ ಹುಟ್ಟೂರಾದ ಸರಸಾವಾಕ್ಕೆ ಮರಳಿದರು. ಅಲ್ಲಿ ತಮ್ಮ ಸ್ವಂತ ಹಣದಿಂದ ಕಟ್ಟಡವನ್ನು ಎತ್ತಿಸಿ 1936ರಲ್ಲಿ ವೀರಸೇವಾಮಂದಿರವನ್ನು ಆರಂಭಿಸಿದರು. ನಿಂತಿದ್ದ ‘ಅನೇಕಾಂತ’ವು 1938ರಲ್ಲಿ ಮತ್ತೆ ಹೊರಟಿತು.

ಹಳ್ಳಿಗಿಂತ ತುಸು ದೊಡ್ಡದಾದ ಆ ಊರು ಜೈನ ಸಂಶೋಧನೆಯ ಕೇಂದ್ರವಾಯಿತು. ಪಂಡಿತ ಪರಮಾನಂದ ಶಾಸ್ತ್ರಿ, ಪಂಡಿತ ದರಬಾರೀಲಾಲ ಕೋಠಿಯಾ ಮೊದಲಾದ ತರುಣ ವಿದ್ವಾಂಸರು ಅಲ್ಲಿ ದುಡಿದರು. ವಿಜಯನಗರದ ಕಾಲದ ಅಭಿನವ ಧರ್ಮಭೂಷಣ ಯತಿಗಳ ‘ನ್ಯಾಯದೀಪಿಕೆ’ಯನ್ನು ಕೋಠಿಯಾ ಅವರು ಸಂಪಾದಿಸಲು ಅದು 1945ರಲ್ಲಿ ಈ ಸಂಸ್ಥೆಯಿಂದಲೇ ಪ್ರಕಟವಾಯಿತು. ಕಿರಿಯರ ಬರಹದ ಒಂದೊಂದು ಅಕ್ಷರವನ್ನೂ ತಿದ್ದುವ ಕಟ್ಟುನಿಟ್ಟು ಮುಖ್ತಾರರಲ್ಲಿತ್ತು. ಆ ಕಟ್ಟುನಿಟ್ಟಿನಲ್ಲಿ ಪಳಗಿದವರು ಮುಂದೆ ಸ್ವತಂತ್ರ ವಿದ್ವಾಂಸರಾಗಿ ಹೆಸರು ಪಡೆದರು.

ಅವರ ತಾಳ್ಮೆಗೆ ಸಾಕ್ಷಿಯಾಗಿ ನಿಂತಿರುವುದು 1950ರಲ್ಲಿ ಹೊರಬಂದ ‘ಪುರಾತನ ಜೈನ ವಾಕ್ಯಸೂಚಿ’. 64 ಪ್ರಾಕೃತ ಮೂಲಗ್ರಂಥಗಳ 25 ಸಾವಿರಕ್ಕೂ ಹೆಚ್ಚು ಪದ್ಯಗಳ ಅಕಾರಾದಿ ಅನುಕ್ರಮಣಿಕೆಯದು. ಯಾವುದೋ ಟೀಕೆಯಲ್ಲಿ ಉದ್ಧರಿಸಿದ ಗಾಹೆಯು ಮೂಲದಲ್ಲಿ ಎಲ್ಲಿದೆ ಎಂದು ಹುಡುಕಬೇಕಾದ ವಿದ್ವಾಂಸನಿಗೆ ತಿಂಗಳುಗಟ್ಟಲೆಯ ಶ್ರಮವನ್ನು ಅದು ಕ್ಷಣದಲ್ಲಿ ಉಳಿಸಿಕೊಟ್ಟಿತು. ಒಂದೊಂದು ಪದ್ಯದ ಮೊದಲ ಪಾದವನ್ನೂ ಬರೆದು, ಜೋಡಿಸಿ, ಮತ್ತೆ ತಾಳೆನೋಡುವ ಇಂಥ ಕೆಲಸದಿಂದ ಕರ್ತೃವಿಗೆ ಜನಪ್ರಿಯತೆ ಬರುವುದಿಲ್ಲ. ಕೆಲಸವೇ ಸಂತೋಷವಾದವನು ಮಾತ್ರ ಅದನ್ನು ಮಾಡಬಲ್ಲ.

ಸಮಾಜದ ಹಬ್ಬಗಳಿಗೂ ಅವರ ಅಧ್ಯಯನವು ಒಂದನ್ನು ಸೇರಿಸಿತು. ಭಗವಾನ್ ಮಹಾವೀರರ ಪ್ರಥಮ ದಿವ್ಯಧ್ವನಿಯು ರಾಜಗೃಹದ ವಿಪುಲಾಚಲದಲ್ಲಿ ಶ್ರಾವಣ ಕೃಷ್ಣ ಪ್ರತಿಪದೆಯಂದು ಖಿರಿತೆಂದು ಪ್ರಾಚೀನ ಗ್ರಂಥಗಳು ಹೇಳುತ್ತವೆ. ಉತ್ತರದ ಆ ಶ್ರಾವಣ ಕೃಷ್ಣ ಪ್ರತಿಪದೆಯು ಕರ್ನಾಟಕದ ಪಂಚಾಂಗದಂತೆ ಆಷಾಢ ಬಹುಳ ಪಾಡ್ಯವಾಗುತ್ತದೆ. ಜನರು ಮರೆತಿದ್ದ ಈ ತಿಥಿಯನ್ನು ಮುಖ್ತಾರರು ಗ್ರಂಥಗಳಿಂದ ಎತ್ತಿ ತೋರಿಸಿ, 1936ರಲ್ಲಿ ಸರಸಾವಾದಲ್ಲಿ ವೀರಶಾಸನ ಜಯಂತಿಯನ್ನು ಆಚರಿಸಿದರು. 1944ರಲ್ಲಿ ರಾಜಗೃಹದಲ್ಲಿಯೂ ಕಲಕತ್ತೆಯಲ್ಲಿಯೂ ಅದರ ದೊಡ್ಡ ಮಹೋತ್ಸವಗಳು ನಡೆದವು. ಇಂದು ದೇಶದ ಅನೇಕ ಕಡೆಗಳಲ್ಲಿ ಈ ಜಯಂತಿಯು ಆಚರಣೆಯಲ್ಲಿದೆ.

ಇಳಿವಯಸ್ಸಿನ ದುಡಿಮೆ

ಸಾಮಾನ್ಯರು ವಿಶ್ರಾಂತಿಯನ್ನು ಬಯಸುವ 70ರ ಪ್ರಾಯ ದಾಟಿದ ಮೇಲೆ ಮುಖ್ತಾರರ ಅತ್ಯುತ್ತಮ ಕೃತಿಗಳು ಹೊರಬಂದವು. 1951ರಲ್ಲಿ ‘ಸ್ವಯಂಭೂಸ್ತೋತ್ರ’ ಮತ್ತು ‘ಯುಕ್ತ್ಯನುಶಾಸನ’ಗಳು ಹಿಂದಿ ಅನುವಾದಸಹಿತವಾಗಿ ಪ್ರಕಟವಾದವು. ರತ್ನಕರಂಡಕಕ್ಕೆ ಅವರು ಬರೆದ ಭಾಷ್ಯವು ‘ಸಮೀಚೀನ ಧರ್ಮಶಾಸ್ತ್ರ’ ಎಂಬ ಹೆಸರಿನಿಂದ 1955ರಲ್ಲಿ ಬಂದಿತು. ಮೊದಲು 1925ರಲ್ಲಿ ಪ್ರಸ್ತಾವನೆ ಬರೆದ ಗ್ರಂಥಕ್ಕೇ ಮೂವತ್ತು ವರ್ಷಗಳ ಮನನದ ಬಳಿಕ ಭಾಷ್ಯವನ್ನು ಒಪ್ಪಿಸಿದರು. ಜೀವಮಾನದ ಬಿಡಿಲೇಖನಗಳ ಸಂಗ್ರಹವಾದ ‘ಜೈನ ಸಾಹಿತ್ಯ ಔರ್ ಇತಿಹಾಸ್ ಪರ್ ವಿಶದ ಪ್ರಕಾಶ್’ 1956ರಲ್ಲಿ ಅಚ್ಚಾಯಿತು.

ಅದಾಗಲೇ ಅವರು ತಮ್ಮ ಆಸ್ತಿಯನ್ನು ಧರ್ಮದತ್ತಿಯಾಗಿ ಮಾಡಿ ಟ್ರಸ್ಟಿಗೆ ಒಪ್ಪಿಸಿದ್ದರು. 1950ರ ದಶಕದಲ್ಲಿ ವೀರಸೇವಾಮಂದಿರಕ್ಕೆ ದೆಹಲಿಯ ದರಿಯಾಗಂಜಿನಲ್ಲಿ ಸ್ವಂತ ಕಟ್ಟಡವಾಯಿತು. ಸಂಸ್ಥೆ ಬೆಳೆದಂತೆ ಆಡಳಿತದ ಭಾರ ಇತರರ ಕೈಗೆ ಹೋಯಿತು. ಲೇಖನಿಯನ್ನು ಮಾತ್ರ ಅವರು ಯಾರಿಗೂ ಒಪ್ಪಿಸಲಿಲ್ಲ. 1963ರಲ್ಲಿ ‘ತತ್ತ್ವಾನುಶಾಸನ’, 1967ರಲ್ಲಿ ಸಮಂತಭದ್ರರ ‘ದೇವಾಗಮ’, 1968ರಲ್ಲಿ ಭಾರತೀಯ ಜ್ಞಾನಪೀಠದ ಮೂಲಕ ‘ಯೋಗಸಾರ ಪ್ರಾಭೃತ’ ಹೊರಬಂದವು. ಅದೇ 1968ರ ಡಿಸೆಂಬರ್ 22ರಂದು, ಉತ್ತರ ಪ್ರದೇಶದ ಏಟಾ ನಗರದಲ್ಲಿ ಸೋದರನ ಮಗನ ಮನೆಯಲ್ಲಿ ಅವರು ದೇಹವನ್ನು ಬಿಟ್ಟರು. ಆಗ ಅವರಿಗೆ 91 ವರ್ಷ ತುಂಬಿತ್ತು.

ಈ ಜೀವನದ ಬೋಧೆ

ಮುಖ್ತಾರರು ಗೃಹಸ್ಥರಾಗಿಯೇ ಬಾಳಿದರು. ಮುನಿಪದವಿಯನ್ನು ಏರದ ಸಾಮಾನ್ಯ ಶ್ರಾವಕನಿಗೂ ಅವರು ನಡೆದ ದಾರಿ ನಿಲುಕುವಂಥದು. ಅವರು ಬಿಡುವು ಸಿಕ್ಕ ಮೇಲೆ ಕೆಲಸವನ್ನು ಹುಡುಕಲಿಲ್ಲ. ಕೆಲಸವನ್ನು ಮೊದಲೇ ಹಚ್ಚಿಕೊಂಡು, ಅದಕ್ಕೆ ಕಾಲ ಸಾಲದೆ ಬಂದಾಗ ಬಿಡುವನ್ನು ಹುಡುಕಿಕೊಂಡರು. ಬೇಕುಗಳಿಗೆ ಮಿತಿ ಹಾಕಿ ಆ ಬಿಡುವನ್ನು ಕೊಂಡುಕೊಂಡರು. ವೃತ್ತಿಯಲ್ಲಿ ಕಲಿತ ಜಾಣ್ಮೆಯನ್ನು ವೃತ್ತಿಯೊಡನೆ ಎಸೆಯದೆ ಧರ್ಮಕಾರ್ಯಕ್ಕೆ ತಿರುಗಿಸಿದರು. ನೂರು ಕಡೆ ಹರಿಯುವ ಮನಸ್ಸನ್ನು ಒಬ್ಬ ಆಚಾರ್ಯರ ಪಾದಗಳಲ್ಲಿ ನಿಲ್ಲಿಸಿದರು. ದುಃಖ ಬಂದಾಗಲೂ ವಿರೋಧ ಬಂದಾಗಲೂ ದಿನದ ಕೆಲಸವನ್ನು ದಿನವೂ ಮಾಡಿದರು. ಕೊನೆಗೆ ಅದನ್ನು ಕಿರಿಯರ ಕೈಗೆ ದಾಟಿಸಿದರು.

ಎಲ್ಲರೂ ಶಾಸ್ತ್ರಸಂಶೋಧಕರಾಗಲಾರರು. ಆದರೆ ಲೆಕ್ಕಪತ್ರ ಬಲ್ಲ ನಿವೃತ್ತ ಗುಮಾಸ್ತರು ಬಸದಿಯ ಆಯವ್ಯಯವನ್ನು ಅಚ್ಚುಕಟ್ಟಾಗಿ ಇಡಬಲ್ಲರು. ಉಪಾಧ್ಯಾಯರಾಗಿದ್ದವರು ಸಂಜೆಯ ಹೊತ್ತು ಮಕ್ಕಳನ್ನು ಕೂಡಿಸಿ ರತ್ನಕರಂಡಕದ ಪಾಠ ಹೇಳಬಲ್ಲರು. ಹಳೆಯ ಲಿಪಿಯನ್ನು ಓದಬಲ್ಲ ಹಿರಿಯರು ಮನೆಯ ಅಟ್ಟದಲ್ಲಿ ಧೂಳು ಹಿಡಿದ ಓಲೆಗರಿಗಳ ಪಟ್ಟಿಯನ್ನಾದರೂ ಮಾಡಬಲ್ಲರು. ವ್ಯಾಪಾರದಲ್ಲಿ ಪಳಗಿದವರು ಗ್ರಂಥಪ್ರಕಾಶನದ ಹೊಣೆಯನ್ನು ಹೊರಬಲ್ಲರು. ಜಿನಬಿಂಬವನ್ನು ಪ್ರತಿಷ್ಠಾಪಿಸುವ ಮಹೋತ್ಸವವು ಕೆಲವು ದಿನಗಳಲ್ಲಿ ಮುಗಿಯುತ್ತದೆ. ಆ ಬಸದಿಯಲ್ಲಿ ಜಿನವಾಣಿಯನ್ನು ನೆಲೆಗೊಳಿಸುವ ಕಾರ್ಯಕ್ಕೆ ವರ್ಷಗಳೇ ಬೇಕು. ಅದಕ್ಕೆ ಬೇಕಾದ ಕಾಲವು ಯಾರ ಬಳಿ ಇದೆಯೋ ಅವರೇ ಆ ಕಾರ್ಯದ ನಿಜವಾದ ಹಕ್ಕುದಾರರು. ಕಳೆದುಹೋದ ಹಣವನ್ನು ಮತ್ತೆ ಸಂಪಾದಿಸಬಹುದು. ಮನುಷ್ಯಭವದ ಒಂದು ದಿನವನ್ನು ಮರಳಿ ಪಡೆಯಲಾಗದು. 55 ವರ್ಷಗಳ ಬಿಡುವನ್ನು ಹಾಗೆ ದಿನದಿನವೂ ಬೆಲೆಯರಿತು ಬಳಸಿದ ಪಂಡಿತ ಜುಗಲಕಿಶೋರ ಮುಖ್ತಾರರ ಸ್ಮರಣೆಯು ಧರ್ಮಬಂಧುಗಳಿಗೆ ಸತ್ಕಾರ್ಯದಲ್ಲಿ ಪ್ರೇರಣೆಯಾಗಲಿ.